ಹತ್ತನೇ ನಂಬರಿನ ಅಂಗಿಗೆ ಕಾದ ಹುಡುಗ

‘ಏನು ಕೆಲಸ ಮಾಡ್ಕೊಂಡಿದೀರಿ?’

1995ಕ್ಕೆ ಮುಂಚೆ ಇಂಗ್ಲೆಂಡಿನ ರಗ್ಬಿ ಆಟಗಾರರನ್ನು ಹೀಗೆ ಕೇಳಿದ್ದರೆ ‘ರಗ್ಬಿ’ ಎಂಬ ಉತ್ತರ ಸಿಗುತ್ತಿರಲಿಲ್ಲ. ಡೀನ್ ರಿಚರ್ಡ್ಸ್ ಪೊಲೀಸ್ ಇಲಾಖೆಯಲ್ಲಿದ್ದರು. ವೇಡ್ ಡೂಲಿ ಕೂಡ ಅದೇ ಇಲಾಖೆ. ಬ್ರಯಾನ್ ಮೂರ್ ವಕೀಲರು. ರಾಬ್ ಆಂಡ್ರ್ಯೂ ಚಾರ್ಟರ್ಡ್ ಸರ್ವೇಯರ್, ಜಮೀನು ಕಟ್ಟಡಗಳ ಲೆಕ್ಕ ನೋಡುವ ವೃತ್ತಿ. ಶನಿವಾರ ದೇಶಕ್ಕಾಗಿ ಮೈ ಕೈ ಜಜ್ಜಿಸಿಕೊಂಡು ಆಡಿದವರು ಸೋಮವಾರ ಕೆಲಸಕ್ಕೆ ಹಾಜರಾಗಬೇಕಿತ್ತು. ಆಡಿದ್ದಕ್ಕೆ ಸಂಬಳ ತೆಗೆದುಕೊಂಡವರಿಗೆ ರಗ್ಬಿ ಯೂನಿಯನ್‌ನಲ್ಲಿ ಜಾಗವೇ ಇರಲಿಲ್ಲ.

ಇದರ ಬೇರು ಹಿಂದಿನ ಶತಮಾನದ ಒಂದು ಜಗಳದಲ್ಲಿದೆ. ಉತ್ತರ ಇಂಗ್ಲೆಂಡಿನ ಗಣಿ ಮತ್ತು ಗಿರಣಿ ಕಾರ್ಮಿಕರು ಪಂದ್ಯಕ್ಕೆಂದು ರಜೆ ಹಾಕಿದರೆ ಅಂದಿನ ಕೂಲಿ ಹೋಗುತ್ತಿತ್ತು. ಕಳೆದುಕೊಂಡ ಕೂಲಿಯನ್ನಾದರೂ ತುಂಬಿಕೊಡೋಣ ಎಂದು ಅಲ್ಲಿನ ಕ್ಲಬ್‌ಗಳು ಕೇಳಿದವು. ಆಟದ ಆಡಳಿತ ನಡೆಸುತ್ತಿದ್ದ ಸ್ಥಿತಿವಂತರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸೇರಿದ ಉತ್ತರದ ಕ್ಲಬ್‌ಗಳು ಬೇರೆ ಮನೆ ಮಾಡಿಕೊಂಡವು. ಅದೇ ಮುಂದೆ 13 ಜನರ ರಗ್ಬಿ ಲೀಗ್ ಆಯಿತು. 15 ಜನರ ರಗ್ಬಿ ಯೂನಿಯನ್ ಮಾತ್ರ ಹವ್ಯಾಸದ ಆಟವಾಗಿಯೇ ಉಳಿದು, ಸರಿಯಾಗಿ ನೂರು ವರ್ಷದ ಮೇಲೆ, 1995ರ ಆಗಸ್ಟ್‌ನಲ್ಲಿ, ಆಟಗಾರರಿಗೆ ಸಂಬಳ ಕೊಡಬಹುದು ಎಂದು ಬಾಗಿಲು ತೆರೆಯಿತು.

ಆ ಆಗಸ್ಟ್‌ನಲ್ಲಿ ಜಾನಿ ವಿಲ್ಕಿನ್ಸನ್‌ಗೆ ಹದಿನಾರು ವರ್ಷ. ಹ್ಯಾಂಪ್‌ಶೈರ್‌ನ ಲಾರ್ಡ್ ವಾಂಡ್ಸ್‌ವರ್ತ್ ಕಾಲೇಜು ಎಂಬ ಶಾಲೆಯ ವಿದ್ಯಾರ್ಥಿ. ರಗ್ಬಿ ಗೊತ್ತಿರುವವರಿಗೆ ಅವನು 2003ರ ವಿಶ್ವಕಪ್ ಫೈನಲ್‌ನ ಕೊನೆಯ ಅರ್ಧ ನಿಮಿಷದಲ್ಲಿ ಬಲಗಾಲಿನಿಂದ ಚೆಂಡೊದ್ದು ಕಪ್ ಗೆದ್ದುಕೊಟ್ಟವನು. ಆ ಒದೆತದ ಬಗ್ಗೆ ಜನ ಸಾಕಷ್ಟು ಮಾತಾಡಿದ್ದಾರೆ. ನನ್ನ ಮನಸ್ಸು ಹಿಡಿದಿರುವುದು ಅದಕ್ಕೂ ಹಿಂದಿನ ನಾಲ್ಕೈದು ವರ್ಷ. ಸಂಬಳದ ಆಟಗಾರ ಎಂಬ ಜಾತಿಯೇ ಇಂಗ್ಲಿಷ್ ರಗ್ಬಿಯಲ್ಲಿ ಹೊಸದಾಗಿದ್ದಾಗ, ಶಾಲೆಯಿಂದ ನೇರವಾಗಿ ಈ ಕೆಲಸಕ್ಕೆ ಸೇರಿದ ಮೊದಲ ತಲೆಮಾರಿನ ಹುಡುಗರಲ್ಲಿ ಅವನೊಬ್ಬ. ಹಾಗೆ ಸೇರಿದವನನ್ನು ಹದ ಮಾಡುವುದು ಹೇಗೆ ಎಂಬುದು ಆಗ ಯಾರಿಗೂ ಪೂರ್ತಿ ತಿಳಿದಿರಲಿಲ್ಲ. ಅವನ ವಿಷಯದಲ್ಲಿ ಅದು ಸರಿಯಾಗಿ ನಡೆದದ್ದಕ್ಕೆ ಮುಖ್ಯ ಕಾರಣ, ತನಗೆ ಬೇಕಾದ ಜಾಗ ಸಿಗುವ ಮೊದಲು ಆ ಜಾಗದ ಪಕ್ಕದಲ್ಲೇ ನಿಂತು ಕಲಿಯುವ ಅವಕಾಶ ಸಿಕ್ಕಿದ್ದು ಎಂದು ನಾನು ನಂಬಿದ್ದೇನೆ.

ಆ ಜಾಗ ಯಾವುದು, ಯಾಕಷ್ಟು ಕಷ್ಟ ಎಂಬುದನ್ನು ತಿಳಿಯದಿದ್ದರೆ ಮುಂದಿನ ಕತೆ ಅರ್ಥವಾಗುವುದಿಲ್ಲ.

ರಗ್ಬಿಯಲ್ಲಿ ಚೆಂಡನ್ನು ಕೈಯಲ್ಲಿ ಮುಂದಕ್ಕೆ ಎಸೆಯುವಂತಿಲ್ಲ. ಹಿಂದಕ್ಕೋ ಪಕ್ಕಕ್ಕೋ ಮಾತ್ರ ಪಾಸ್. ಮುಂದೆ ಹೋಗಬೇಕಾದರೆ ಚೆಂಡು ಹಿಡಿದು ಓಡಬೇಕು, ಇಲ್ಲವೇ ಒದೆಯಬೇಕು. ಓಡುವವನನ್ನು ಎದುರಾಳಿ ತಬ್ಬಿ ಕೆಡವುತ್ತಾನೆ. ಕಬಡ್ಡಿಯಲ್ಲಿ ರೈಡರ್‌ನ ತೊಡೆ ಹಿಡಿದು ಉರುಳಿಸುವುದನ್ನು ಕಂಡವರಿಗೆ ಈ ಟ್ಯಾಕಲ್ ಹೊಸದೆನಿಸುವುದಿಲ್ಲ, ಓಡಿಬರುವ ವೇಗ ಮಾತ್ರ ಬಹಳ ಹೆಚ್ಚು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಟ್ರೈ, 5 ಅಂಕ. ಆಮೇಲೆ ಆ ಗೆರೆಯ ಮೇಲಿನ ಎರಡು ಗೋಲು ಕಂಬಗಳ ನಡುವೆ ಒದ್ದರೆ ಕನ್ವರ್ಷನ್, 2 ಅಂಕ. ಎದುರಾಳಿ ತಪ್ಪು ಮಾಡಿದಾಗ ಸಿಗುವ ಪೆನಾಲ್ಟಿ ಒದೆತಕ್ಕೆ 3. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ಪುಟಿಯುವ ಕ್ಷಣಕ್ಕೆ ಒದ್ದು ಕಂಬಗಳ ನಡುವೆ ದಾಟಿಸಿದರೆ ಡ್ರಾಪ್ ಗೋಲ್, ಅದಕ್ಕೂ 3.

ಈಗ 10ನೇ ನಂಬರಿನ ಅಂಗಿ, ಫ್ಲೈ-ಹಾಫ್. ದೈತ್ಯರು ತಳ್ಳಾಡಿ ಗೆದ್ದ ಚೆಂಡು 9ನೇ ನಂಬರಿನವನ ಕೈ ದಾಟಿ ಸಾಮಾನ್ಯವಾಗಿ ಬಂದು ಸೇರುವುದು ಇವನಿಗೆ. ಓಡಬೇಕೋ, ಪಾಸ್ ಮಾಡಬೇಕೋ, ಒದೆಯಬೇಕೋ? ಒದ್ದರೆ ಎತ್ತರಕ್ಕೋ, ಮೂಲೆಗೋ? ಎದುರಿನಿಂದ ನೂರು ಕಿಲೋ ತೂಕದ ಮನುಷ್ಯ ಮೈಮೇಲೆ ಬರುತ್ತಿರುವಾಗ ಒಂದು ಸೆಕೆಂಡಿನಲ್ಲಿ ನಿರ್ಧಾರ ಆಗಬೇಕು, ಎಂಬತ್ತು ನಿಮಿಷದುದ್ದಕ್ಕೂ ಮತ್ತೆ ಮತ್ತೆ ಆಗಬೇಕು. ಉಳಿದ ಹದಿನಾಲ್ಕು ಜನ ಯಾವ ಕಡೆ ಓಡಬೇಕೆಂಬುದು ಇವನ ತೀರ್ಮಾನದ ಮೇಲೆ. ಇದನ್ನು ಪುಸ್ತಕ ಓದಿ ಕಲಿಯಲಾಗದು. ಹೆಡ್‌ಕೋಚ್ ಬೌಂಡರಿ ಆಚೆಯಿಂದ ಕೂಗಿ ಕಲಿಸಲೂ ಆಗದು.

10ರ ಪಕ್ಕದವನು 12, ಇನ್‌ಸೈಡ್ ಸೆಂಟರ್. ಈ ಎರಡು ನಂಬರುಗಳನ್ನು ನೆನಪಿಟ್ಟುಕೊಳ್ಳಿ.

ವಿಲ್ಕಿನ್ಸನ್‌ನ ಶಾಲೆಯಲ್ಲಿ ರಗ್ಬಿ ಕಲಿಸುತ್ತಿದ್ದ ಮೇಷ್ಟರು ಸ್ಟೀವ್ ಬೇಟ್ಸ್. ಅವರೇ ಇಂಗ್ಲೆಂಡ್ ಪರ ಒಮ್ಮೆ ಆಡಿದವರು, ಲಂಡನ್ನಿನ ವಾಸ್ಪ್ಸ್ ಕ್ಲಬ್ಬಿನಲ್ಲಿ ರಾಬ್ ಆಂಡ್ರ್ಯೂ ಜೊತೆ 9ನೇ ನಂಬರಿನಲ್ಲಿ ಆಡುತ್ತಿದ್ದವರು. 1995ರಲ್ಲಿ ಸಂಬಳದ ಯುಗ ಶುರುವಾದ ಕೂಡಲೇ ನ್ಯೂಕಾಸಲ್ ಫುಟ್ಬಾಲ್ ಕ್ಲಬ್ಬಿನ ಒಡೆಯ ಸರ್ ಜಾನ್ ಹಾಲ್ ಅದೇ ಊರಿನ ರಗ್ಬಿ ಕ್ಲಬ್ಬನ್ನೂ ಕೊಂಡರು. ಆಂಡ್ರ್ಯೂ ಅಲ್ಲಿಗೆ ರಗ್ಬಿ ನಿರ್ದೇಶಕರಾಗಿ ಹೋದರು, ಬೇಟ್ಸ್ ಅವರನ್ನೂ ಕರೆಸಿಕೊಂಡರು. ತಾನು ಶಾಲೆಯಲ್ಲಿ ಕಂಡ ಆ ಹುಡುಗನನ್ನು ಬೇಟ್ಸ್ ಮರೆಯಲಿಲ್ಲ.

1997ರಲ್ಲಿ ಹುಡುಗನ ಮುಂದೆ ಎರಡು ದಾರಿ ಇದ್ದವು. ಡರ್ಹಮ್ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತ್ತು. ನ್ಯೂಕಾಸಲ್‌ನಿಂದ ಕರೆಯೂ ಬಂದಿತ್ತು. ಎರಡು ವರ್ಷದ ಹಿಂದೆ ಆಗಿದ್ದರೆ ಇದು ಆಯ್ಕೆಯೇ ಅಲ್ಲ, ಓದಲು ಹೋಗುತ್ತಿದ್ದ, ಶನಿವಾರ ರಗ್ಬಿ ಆಡುತ್ತಿದ್ದ. ಈಗ ಆಟವೇ ನೌಕರಿ. ವಿಲ್ಕಿನ್ಸನ್ ಡರ್ಹಮ್ ಬಿಟ್ಟು ನ್ಯೂಕಾಸಲ್ ಹಿಡಿದ. ಸೀಟು ಸಿಕ್ಕ ಮಗ ಕಾಲೇಜು ಬಿಟ್ಟು ಆಟಕ್ಕೆ ಹೋಗುತ್ತೇನೆ ಎಂದರೆ ನಮ್ಮ ಮನೆಗಳಲ್ಲಿ ಎಷ್ಟು ದಿನ ಊಟ ಸೇರುವುದಿಲ್ಲ ಎಂಬುದನ್ನು ಬಲ್ಲ ಯಾರಿಗಾದರೂ, ಈ ತೀರ್ಮಾನದ ಭಾರ ವಿವರಿಸಬೇಕಿಲ್ಲ. ಅದರಲ್ಲೂ ಎರಡೇ ವರ್ಷದ ಹಳೆಯ, ನಾಳೆ ಇರುತ್ತದೋ ಇಲ್ಲವೋ ಗೊತ್ತಿಲ್ಲದ ಉದ್ಯೋಗ.

ಇವತ್ತು ಈ ದಾರಿಗೆ ಮೈಲಿಗಲ್ಲುಗಳಿವೆ. ದೊಡ್ಡ ಕ್ಲಬ್‌ಗಳ ಅಕಾಡೆಮಿಗಳು ಹೈಸ್ಕೂಲಿನ ಹುಡುಗರನ್ನೇ ಗುರುತಿಸಿ ಬೆಳೆಸುತ್ತವೆ, ಹದಿನೆಂಟರ ಮೇಲೆ ಒಪ್ಪಂದ ಕೊಡುತ್ತವೆ, ಆಟದ ಅನುಭವಕ್ಕೆ ಎರಡನೇ ದರ್ಜೆಯ ಕ್ಲಬ್‌ಗಳಿಗೆ ಎರವಲು ಕಳಿಸುತ್ತವೆ. ಇಂಗ್ಲೆಂಡ್ ತಂಡದ ಮಾರೊ ಇಟೋಜೆ ಬಂದದ್ದು ಈ ದಾರಿಯಲ್ಲೇ: ಸಾರಸೆನ್ಸ್ ಕ್ಲಬ್ಬಿನ ಅಕಾಡೆಮಿ, 2014ರಲ್ಲಿ ವಿಶ್ವಕಪ್ ಗೆದ್ದ 20 ವರ್ಷದೊಳಗಿನವರ ತಂಡದ ನಾಯಕತ್ವ, ಜೊತೆಗೆ ಲಂಡನ್ನಿನಲ್ಲಿ ರಾಜಕೀಯಶಾಸ್ತ್ರದ ಪದವಿ. ವಿಲ್ಕಿನ್ಸನ್‌ಗೆ ಸಿಕ್ಕಿದ್ದು ಅಂಥ ವ್ಯವಸ್ಥೆಯಲ್ಲ, ಒಂದು ಗರಡಿ.

ಅದೂ ಎಂಥ ಗರಡಿ! ಸ್ಕಾಟ್ಲೆಂಡಿನ ಗ್ಯಾರಿ ಆರ್ಮ್‌ಸ್ಟ್ರಾಂಗ್, ಡಾಡಿ ವಿಯರ್, ಸಮೋವಾದ ಪ್ಯಾಟ್ ಲ್ಯಾಮ್, ಎದುರಿಗೆ ಬಂದರೆ ಗೋಡೆಯೇ ಓಡಿಬಂದಂತೆ ಕಾಣುತ್ತಿದ್ದ ವಾಯಿಂಗಾ ಟುಯಿಗಮಾಲ. ಇವರ ನಡುವೆ ಹದಿನೆಂಟರ ಹುಡುಗ. 10ನೇ ನಂಬರಿನಲ್ಲಿ ಖುದ್ದು ನಿರ್ದೇಶಕರು, ರಾಬ್ ಆಂಡ್ರ್ಯೂ, ಇನ್ನೂ ಆಡುತ್ತಿದ್ದರು. ಎಂದರೆ ಹುಡುಗನಿಗೆ ಬೇಕಾದ ಜಾಗ ಅವನ ಮೇಲಧಿಕಾರಿಯದೇ. ಹಾಗಾಗಿ ಅವನು ಮೊದಲು ಬೆಂಚಿನ ಮೇಲೆ ಕೂತ, ಆಮೇಲೆ 12ರಲ್ಲಿ ಆಡಿದ. ಆ ಋತುವಿನಲ್ಲೇ, 1997–98ರಲ್ಲಿ, ಮೇಲಿನ ದರ್ಜೆಗೆ ಆಗಷ್ಟೇ ಬಡ್ತಿ ಪಡೆದಿದ್ದ ನ್ಯೂಕಾಸಲ್ ಒಂದೇ ಅಂಕದ ಅಂತರದಲ್ಲಿ ಸಾರಸೆನ್ಸ್ ಅನ್ನು ಹಿಂದಿಕ್ಕಿ ಲೀಗ್ ಗೆದ್ದಿತು.

12ರಲ್ಲಿ ನಿಂತವನಿಗೆ ಏನು ಕಾಣುತ್ತದೆ? 10ರವನು ಚೆಂಡು ಬರುವ ಮೊದಲೇ ಎತ್ತ ನೋಡುತ್ತಾನೆ, ಯಾವಾಗ ಸುಮ್ಮನೆ ಮೂಲೆಗೊದ್ದು ತಂಡಕ್ಕೆ ಉಸಿರು ತೆಗೆದುಕೊಳ್ಳಲು ಬಿಡುತ್ತಾನೆ, ಯಾವಾಗ ಪಾಸ್ ಅರ್ಧ ಸೆಕೆಂಡ್ ತಡೆದು ಕೊಡುತ್ತಾನೆ. ತಬಲಾ ಕಲಿಯುವವನು ಗುರುವಿನ ಪಕ್ಕ ಕೂತು ಬೆರಳು ನೋಡುವ ಹಾಗೆ. ತಪ್ಪಿದರೂ ತಂಡ ಮುಳುಗುವುದಿಲ್ಲ. ಆದರೆ 12ರವನು ಟ್ಯಾಕಲ್ ಮಾಡಲೇಬೇಕು, ತಪ್ಪಿಸಿಕೊಳ್ಳುವಂತಿಲ್ಲ. ಹಿಂದಿನ ಎಷ್ಟೋ ಫ್ಲೈ-ಹಾಫ್‌ಗಳು ಟ್ಯಾಕಲ್ ಎಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಮೈ ಕಾಪಾಡಿಕೊಳ್ಳುವುದು ಅವರ ಹಕ್ಕು ಎನ್ನುವಂತೆ ತಂಡವೂ ಒಪ್ಪುತ್ತಿತ್ತು. ವಿಲ್ಕಿನ್ಸನ್ ದೊಡ್ಡವರ ಮೇಲೆ ತಾನೇ ಹೋಗಿ ಬೀಳುತ್ತಿದ್ದ. ಈ ಅಭ್ಯಾಸ ಅವನಿಗೆ ಹೆಸರನ್ನೂ ಕೊಟ್ಟಿತು, ಮುಂದೆ ಭುಜ ಕತ್ತುಗಳ ನೋವನ್ನೂ.

1998ರ ಏಪ್ರಿಲ್ 4ರಂದು ಲಂಡನ್ನಿನ ಟ್ವಿಕೆನ್‌ಹ್ಯಾಮ್ ಮೈದಾನದಲ್ಲಿ ಐರ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಅವನು ಮೊದಲ ಸಲ ಇಂಗ್ಲೆಂಡ್ ಪರ ಆಡಿದ. ವಯಸ್ಸು 18 ವರ್ಷ 314 ದಿನ; 71 ವರ್ಷದಲ್ಲಿ ಅಷ್ಟು ಎಳೆಯ ಆಟಗಾರ ಇಂಗ್ಲೆಂಡ್ ಅಂಗಿ ತೊಟ್ಟಿರಲಿಲ್ಲ. ಆಡಿದ್ದು ಪಂದ್ಯದ ಕೊನೆಯ ಗಳಿಗೆಯಲ್ಲಿ, ಅದೂ ಅಂಚಿನ ವಿಂಗ್ ಜಾಗದಲ್ಲಿ.

ಎರಡು ತಿಂಗಳಾಗುವಷ್ಟರಲ್ಲಿ ಕತೆಯೇ ಬೇರೆ. ಇಂಗ್ಲೆಂಡ್ ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಿಗೆ ಪ್ರವಾಸ ಹೊರಟಿತು. ಅನುಭವಿಗಳಲ್ಲಿ ಬಹುಪಾಲು ಜನ ಗಾಯ, ದಣಿವು ಎಂದು ಹಿಂದುಳಿದರು. ಜೂನ್ 6ರಂದು ಬ್ರಿಸ್ಬೇನ್‌ನಲ್ಲಿ, ಹತ್ತೊಂಬತ್ತು ತುಂಬಿ ಎರಡು ವಾರವೂ ಆಗಿರದ ಹುಡುಗನಿಗೆ 10ನೇ ನಂಬರಿನ ಅಂಗಿ ಕೊಟ್ಟು ಇಳಿಸಿದರು. ಆಸ್ಟ್ರೇಲಿಯಾ 76, ಇಂಗ್ಲೆಂಡ್ 0. ಇಂಗ್ಲೆಂಡ್ ತನ್ನ ಇತಿಹಾಸದಲ್ಲಿ ಅಷ್ಟು ದೊಡ್ಡ ಅಂತರದಲ್ಲಿ ಸೋತದ್ದಿಲ್ಲ. ಮುಂದೆ ಡನೀಡಿನ್‌ನಲ್ಲಿ ನ್ಯೂಜಿಲೆಂಡ್ ಎದುರು 64–22ರ ಸೋಲು, ಅಲ್ಲಿ ವಿಲ್ಕಿನ್ಸನ್‌ಗೆ ಗಾಯ, ಅವನ ಪ್ರವಾಸ ಅಲ್ಲಿಗೆ ಮುಗಿಯಿತು. ಇಂಗ್ಲೆಂಡಿನಲ್ಲಿ ಇವತ್ತಿಗೂ ಅದಕ್ಕೆ ‘ನರಕದ ಪ್ರವಾಸ’ ಎಂದೇ ಹೆಸರು.

ಅಂಕಿ ಅಂಶ ನೋಡುವವರು ಈ ಸಾಲನ್ನು ಹಾರಿಸಿ ಮುಂದೆ ಹೋಗುತ್ತಾರೆ. ನನಗೆ ಇಲ್ಲೇ ನಿಲ್ಲಬೇಕು ಅನಿಸುತ್ತದೆ. ಯಾಕೆಂದರೆ ಊರಿಗೆ ಮರಳಿದ ಮೇಲೆ ಅವನನ್ನು ಬಿಸಾಡಲಿಲ್ಲ, ಹಟಕ್ಕೆ ಬಿದ್ದು 10ರಲ್ಲೇ ಮತ್ತೆ ನಿಲ್ಲಿಸಲೂ ಇಲ್ಲ. ಕೋಚ್ ಕ್ಲೈವ್ ವುಡ್‌ವರ್ಡ್ 1999ರ ಯುರೋಪಿನ ಐದು ರಾಷ್ಟ್ರಗಳ ಟೂರ್ನಿಯಲ್ಲಿ ಅವನನ್ನು 12ಕ್ಕೆ ಹಾಕಿದರು. 10ರಲ್ಲಿ ಹಿರಿಯರಾದ ಮೈಕ್ ಕ್ಯಾಟ್, ಪಾಲ್ ಗ್ರೇಸನ್. ಕ್ಲಬ್ಬಿನಲ್ಲೂ 12, ದೇಶಕ್ಕೂ 12. ಆದರೆ ಕಂಬಕ್ಕೆ ಗುರಿಯಿಟ್ಟು ಒದೆಯುವ ಕೆಲಸ ಮಾತ್ರ ಅವನದೇ. ಫ್ರಾನ್ಸ್ ವಿರುದ್ಧ ಇಂಗ್ಲೆಂಡ್ 21–10ರಿಂದ ಗೆದ್ದಾಗ ಆ 21 ಅಂಕವೂ ಅವನ ಏಳು ಪೆನಾಲ್ಟಿಗಳಿಂದ ಬಂದದ್ದು. ಆಟ ನಡೆಸುವ ಜವಾಬ್ದಾರಿಗೆ ಇನ್ನೂ ಚಿಕ್ಕವನು, ಪಂದ್ಯ ಗೆಲ್ಲಿಸುವ ಒದೆತಕ್ಕೆ ಸಾಕಷ್ಟು ದೊಡ್ಡವನು!

ಈ ಒದೆತವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಎರಡು ಕಂಬಗಳ ನಡುವೆ 5.6 ಮೀಟರ್, ಅಡ್ಡಪಟ್ಟಿ ನೆಲದಿಂದ 3 ಮೀಟರ್. ಟ್ರೈ ಎಲ್ಲಿ ಆಯಿತೋ ಅದರ ನೇರದಲ್ಲೇ ಕನ್ವರ್ಷನ್ ಒದೆಯಬೇಕು, ಎಷ್ಟು ಹಿಂದಕ್ಕೆ ಬೇಕಾದರೂ ಹೋಗಬಹುದು. ಹತ್ತಿರ ನಿಂತರೆ ಸುಲಭವಲ್ಲವೇ ಅನಿಸುತ್ತದೆ. ಅಲ್ಲ. ಕಂಬಗಳ ನಡುವಿನಿಂದ 25 ಮೀಟರ್ ಪಕ್ಕಕ್ಕೆ ಟ್ರೈ ಆಗಿದ್ದರೆ, ಗೆರೆಯ ಹತ್ತಿರ ನಿಂತವನಿಗೆ ಎರಡು ಕಂಬ ಒಂದರ ಹಿಂದೆ ಒಂದು ಮರೆಯಾದಂತೆ ಕಾಣುತ್ತವೆ. ಹಿಂದೆ ಹೋದಂತೆ ಸಂದು ತೆರೆಯುತ್ತದೆ. ಸುಮಾರು 25 ಮೀಟರ್ ಹಿಂದೆ ಸರಿದಾಗ ಅದು ಅತಿ ಅಗಲ, ಅಲ್ಲಿಂದಾಚೆ ದೂರದ ದೆಸೆಯಿಂದ ಮತ್ತೆ ಕಿರಿದು. ಆ ಅತಿ ಅಗಲವಾದ ಸಂದೂ ಆರು ಡಿಗ್ರಿ ಚಿಲ್ಲರೆ, ಅಷ್ಟೇ. ಗಡಿಯಾರದಲ್ಲಿ ನಿಮಿಷದ ಮುಳ್ಳು ಒಂದು ನಿಮಿಷಕ್ಕೆ ಸರಿಯುವಷ್ಟು ಜಾಗ. ಅದರೊಳಗೆ ಮೂವತ್ತೈದು ಮೀಟರ್ ದೂರದಿಂದ ಮೊಟ್ಟೆಯಾಕಾರದ ಚೆಂಡನ್ನು, ಗಾಳಿಯಲ್ಲಿ, ಎಪ್ಪತ್ತು ಸಾವಿರ ಜನ ನೋಡುತ್ತಿರುವಾಗ ಕಳಿಸಬೇಕು.

ವಿಲ್ಕಿನ್ಸನ್‌ಗೆ ಇದನ್ನು ತಿದ್ದಿ ಕಲಿಸಿದವರು ಒದೆತದ ಕೋಚ್ ಡೇವ್ ಆಲ್ರೆಡ್. ಬರೀ ಕಂಬಗಳ ನಡುವೆ ಎಂದು ಗುರಿ ಇಟ್ಟರೆ ಗುರಿ ಬಲು ಅಗಲವಾಯಿತು. ಅದಕ್ಕೇ ಕಂಬಗಳ ಹಿಂದಿನ ಸೀಟಿನಲ್ಲಿ ಡೋರಿಸ್ ಎಂಬ ಹೆಂಗಸು ಕೂತಿದ್ದಾಳೆ ಎಂದು ಕಲ್ಪಿಸಿಕೊಂಡು, ನೇರ ಅವಳತ್ತ ಒದೆಯುವ ಅಭ್ಯಾಸ. ಗುರಿ ಚಿಕ್ಕದಾದಷ್ಟೂ ತಪ್ಪು ಚಿಕ್ಕದಾಗುತ್ತದೆ. ಚೆಂಡನ್ನು ‘ಟೀ’ ಎಂಬ ಪುಟ್ಟ ಆಸರೆಯ ಮೇಲೆ ನಿಲ್ಲಿಸುವುದು, ಹೆಜ್ಜೆ ಎಣಿಸಿ ಹಿಂದೆ ಸರಿಯುವುದು, ಮಂಡಿ ಬಾಗಿಸಿ, ಎರಡೂ ಕೈ ಎದುರಿಗೆ ಜೋಡಿಸಿ, ತಲೆ ಎತ್ತಿ ಒಮ್ಮೆ ಕಂಬ ನೋಡಿ ಮತ್ತೆ ಚೆಂಡು ನೋಡುವುದು. ದೇವರಿಗೆ ಕೈಮುಗಿದಂತೆ ಕಾಣುವ ಆ ಭಂಗಿಯನ್ನು ಇಂಗ್ಲೆಂಡಿನ ಮಕ್ಕಳು ಬೀದಿಬೀದಿಯಲ್ಲಿ ಅನುಕರಿಸಿದರು. ಹೊರಗಿನ ಗದ್ದಲಕ್ಕೆ ಒಂದು ಅಡ್ಡಗೋಡೆ ಹಾಕಿಕೊಳ್ಳುವುದು ಅವನಿಗೆ ಅದರ ಉದ್ದೇಶ.

ತಂಡದವರೆಲ್ಲ ಸ್ನಾನ ಮಾಡಿ ಮನೆಗೆ ಹೋದರೂ ಅವನು ಮೈದಾನದಲ್ಲೇ ಇರುತ್ತಿದ್ದ. ಹುಟ್ಟಾ ಎಡಗಾಲಿನವನು, ಬಲಗಾಲಿಗೂ ಅಷ್ಟೇ ತಾಲೀಮು. ಆಟ ನೌಕರಿಯಾಗದೇ ಇದ್ದಿದ್ದರೆ ಇಷ್ಟು ಗಂಟೆಗಳು ಎಲ್ಲಿಂದ ಬರಬೇಕಿತ್ತು? ಸರ್ವೇಯರ್ ಕೆಲಸ ಮುಗಿಸಿ ಸಂಜೆ ಅಭ್ಯಾಸಕ್ಕೆ ಬರುತ್ತಿದ್ದವರಿಗೆ ಅಷ್ಟು ಬೆಳಕೇ ಉಳಿಯುತ್ತಿರಲಿಲ್ಲ. ಆದರೆ ಇದನ್ನು ಬರೀ ಮೆಚ್ಚಿಕೊಂಡು ಸುಮ್ಮನಾಗಲು ನನ್ನಿಂದಾಗದು. ಚಿಕ್ಕಂದಿನಲ್ಲೇ ಪಂದ್ಯಕ್ಕೆ ಹೊರಟರೆ ಭಯಕ್ಕೆ ವಾಂತಿಯಾಗುವಷ್ಟು ಕಳವಳ ಆಗುತ್ತಿತ್ತು ಎಂದು ವಿಲ್ಕಿನ್ಸನ್ ಆಮೇಲೆ ತಾನೇ ಹೇಳಿಕೊಂಡಿದ್ದಾನೆ. ಸೋಲಿನ ಅಂಜಿಕೆ, ಎಷ್ಟು ಮಾಡಿದರೂ ಸಾಲದೆಂಬ ಕೊರಗು ಅವನನ್ನು ವರ್ಷಗಟ್ಟಲೆ ಕಾಡಿತು. ಮೊದಲ ತಲೆಮಾರಿನ ಈ ನೌಕರರಿಗೆ ‘ಇವತ್ತಿಗೆ ಸಾಕು, ಮನೆಗೆ ಹೋಗು’ ಎನ್ನುವವರು ಬೇಕಿತ್ತು. ಹೊಸ ಉದ್ಯೋಗಕ್ಕೆ ಆ ರೂಢಿ ಇನ್ನೂ ಬಂದಿರಲಿಲ್ಲ.

1999ರಲ್ಲಿ ಆಂಡ್ರ್ಯೂ ಆಟ ನಿಲ್ಲಿಸಿದರು, ನ್ಯೂಕಾಸಲ್‌ನ 10ನೇ ನಂಬರಿನ ಅಂಗಿ ಹುಡುಗನಿಗೆ ಬಂತು. ಆ ವರ್ಷದ ವಿಶ್ವಕಪ್‌ಗೆ ಇಂಗ್ಲೆಂಡಿನದೂ ಬಂತು. ಇಟಲಿ ವಿರುದ್ಧ 32 ಅಂಕ ಗಳಿಸಿದ. ನ್ಯೂಜಿಲೆಂಡ್ ಎದುರು ತಂಡ ಸೋತಿತು. ಕ್ವಾರ್ಟರ್ ಫೈನಲ್‌ಗೆ ವುಡ್‌ವರ್ಡ್ ಅನುಭವಿ ಗ್ರೇಸನ್ ಅವರನ್ನು ಆರಿಸಿ ಇವನನ್ನು ಬೆಂಚಿಗೆ ಕಳಿಸಿದರು. ಪ್ಯಾರಿಸ್‌ನಲ್ಲಿ ನಡೆದ ಆ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ ಯಾನಿ ಡಿ ಬಿಯರ್ ಐದು ಡ್ರಾಪ್ ಗೋಲ್ ಹೊಡೆದು ಇಂಗ್ಲೆಂಡನ್ನು 44–21ರಿಂದ ಮನೆಗೆ ಕಳಿಸಿದ. ಒಂದೇ ಒದೆತದಿಂದ ಪಂದ್ಯವನ್ನು ಹೇಗೆ ಕಸಿದುಕೊಳ್ಳಬಹುದು ಎಂಬ ಪಾಠವನ್ನು ವಿಲ್ಕಿನ್ಸನ್ ಬಹುಪಾಲು ಗೆರೆಯಾಚೆ ಕೂತೇ ನೋಡಿದ.

ಆಮೇಲೆ ಬಂದದ್ದು 2000ನೇ ಇಸವಿ. ಬ್ರಿಸ್ಬೇನ್‌ನಲ್ಲಿ ಸೋತ ಹುಡುಗ ಗಂಡಸಾದದ್ದು ಆಗ. ಫೆಬ್ರುವರಿಯಲ್ಲಿ ಪ್ಯಾರಿಸ್‌ನಲ್ಲಿ ಫ್ರಾನ್ಸ್ ವಿರುದ್ಧ 15–9ರ ಗೆಲುವು, ಹದಿನೈದೂ ಅಂಕ ಅವನವೇ. ಆದರೆ ಆ ದಿನ ನೆನಪಲ್ಲಿ ಉಳಿಯುವುದು ಅಂಕಗಳಿಂದಲ್ಲ. ಫ್ರಾನ್ಸಿನ ಎಮಿಲ್ ಎನ್ಟಮಾಕ್ ಚೆಂಡು ಹಿಡಿದು ಬರುತ್ತಿದ್ದಾಗ ವಿಲ್ಕಿನ್ಸನ್ ಭುಜ ಕೊಟ್ಟು ಎತ್ತಿ ಹಿಂದಕ್ಕೆ ಕೆಡವಿದ. ಅಷ್ಟು ದೊಡ್ಡ ಆಳು ಬಂದ ದಾರಿಯಲ್ಲೇ ವಾಪಸಾದ! ಫ್ಲೈ-ಹಾಫ್ ಎಂದರೆ ಬಚ್ಚಿಟ್ಟು ಕಾಪಾಡಬೇಕಾದ ಆಟಗಾರ ಎಂಬ ಹಳೆಯ ಲೆಕ್ಕ ಅವತ್ತು ತಲೆಕೆಳಗಾಯಿತು. 12ರಲ್ಲಿ ಕಳೆದ ದಿನಗಳ ಫಲ ಅದು.

ಏಪ್ರಿಲ್‌ನಲ್ಲಿ ಎಡಿನ್‌ಬರೋದ ಮಳೆಯಲ್ಲಿ ಸ್ಕಾಟ್ಲೆಂಡ್ ಎದುರು 19–13ರ ಸೋಲು. ಇಟಲಿ ಸೇರಿ ಆರು ರಾಷ್ಟ್ರಗಳದಾಗಿದ್ದ ಟೂರ್ನಿ ಗೆದ್ದರೂ ಎಲ್ಲ ಪಂದ್ಯ ಗೆಲ್ಲುವ ಗ್ರ್ಯಾಂಡ್ ಸ್ಲ್ಯಾಮ್ ಕೈತಪ್ಪಿತು. ಆ ದಿನ ಇಂಗ್ಲೆಂಡ್ ಬಿಟ್ಟುಕೊಟ್ಟ ಬಟ್ಟಲಿಗೆ ನಮ್ಮ ನೆಲದ ನಂಟಿದೆ. ಅದರ ಹೆಸರು ಕಲ್ಕತ್ತಾ ಕಪ್. ಬ್ರಿಟಿಷರು 1873ರಲ್ಲಿ ಕಟ್ಟಿದ ಕಲ್ಕತ್ತಾದ ರಗ್ಬಿ ಕ್ಲಬ್ ಕೆಲವೇ ವರ್ಷಗಳಲ್ಲಿ ಮುಚ್ಚಿದಾಗ, ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆದು, ಕರಗಿಸಿ ಮಾಡಿಸಿದ ಬಟ್ಟಲು. ನಾಗರಹಾವಿನ ಹಿಡಿಗಳು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯ ಗೆದ್ದವರಿಗೆ ಅದು ಸಲ್ಲುತ್ತದೆ.

ಜೂನ್‌ನಲ್ಲಿ ದಕ್ಷಿಣ ಆಫ್ರಿಕಾ. ಮೊದಲ ಟೆಸ್ಟ್‌ಗೆ ಹೊಟ್ಟೆ ಕೆಟ್ಟು ಹೊರಗುಳಿದ, ಇಂಗ್ಲೆಂಡ್ ಸೋತಿತು. ಎರಡನೆಯದು ಬ್ಲೂಮ್‌ಫಾಂಟೇನ್‌ನಲ್ಲಿ. ಎತ್ತರದ ಊರು, ತೆಳು ಗಾಳಿ, ಪ್ರವಾಸಿ ತಂಡಗಳು ಉಸಿರಿಗೆ ಪರದಾಡುವ ಜಾಗ. ಎಂಟು ಪೆನಾಲ್ಟಿ, ಒಂದು ಡ್ರಾಪ್ ಗೋಲ್: 27 ಅಂಕ, ಇಂಗ್ಲೆಂಡಿನ ಒಟ್ಟು ಮೊತ್ತವೂ ಅಷ್ಟೇ. ದಕ್ಷಿಣ ಆಫ್ರಿಕಾ 22. ಸೋತು ಬಂದ ನರಕದ ಪ್ರವಾಸಕ್ಕೂ ಈ ಗೆಲುವಿಗೂ ನಡುವೆ ಎರಡೇ ವರ್ಷ. ಅಲ್ಲಿಂದಾಚೆ ಇಂಗ್ಲೆಂಡಿನ 10 ಯಾರು ಎಂಬ ಚರ್ಚೆ ಹೆಚ್ಚು ನಡೆಯಲಿಲ್ಲ.

2001ರ ಏಪ್ರಿಲ್ 7ರಂದು ಟ್ವಿಕೆನ್‌ಹ್ಯಾಮ್‌ನಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು 48–19ರಿಂದ ಸೋಲಿಸಿತು. ವಿಲ್ಕಿನ್ಸನ್‌ಗೆ ಆಗ 21 ವರ್ಷ. ಇಂಗ್ಲೆಂಡ್ ಪರ ಅತಿ ಹೆಚ್ಚು ಅಂಕ ಗಳಿಸಿದವರ ಪಟ್ಟಿಯಲ್ಲಿ ಅಂದು ಅವನು ಮೊದಲ ಸ್ಥಾನಕ್ಕೇರಿದ. ಅಲ್ಲಿಯವರೆಗೆ ಅಲ್ಲಿದ್ದ ಸಂಖ್ಯೆ 396. ಸರ್ವೇಯರ್ ಕೆಲಸದ ಜೊತೆಜೊತೆಗೇ 1985ರಿಂದ ಕೂಡಿಟ್ಟ ಅಂಕಗಳು. ಅವು ರಾಬ್ ಆಂಡ್ರ್ಯೂ ಅವರವು. ದಾಖಲೆ ಮುರಿದ ಹುಡುಗ ನ್ಯೂಕಾಸಲ್‌ಗೆ ಕೆಲಸಕ್ಕೆ ಮರಳಿದಾಗ ಅಲ್ಲಿ ನಿರ್ದೇಶಕರ ಜಾಗದಲ್ಲಿ ಇದ್ದವರೂ ಅವರೇ.